ಮತ್ತು ಸಂಗಡಿಗರು

ಬೆಂಗಳೂರಿಗೆ ಪ್ಲೇಟುಗಳು ಮತ್ತೆ ಬಂದಿವೆ. ಒಂದು ಕಾಲಕ್ಕೆ ದೊಡ್ಡ ಮನೆಗಳ ಹಜಾರದಲ್ಲಿ ತಿರುಗುತ್ತಿದ್ದವು. ಆಮೇಲೆ ಕ್ಯಾಸೆಟ್ಟು ಬಂತು, ಸಿಡಿ ಬಂತು, ಫೋನು ಬಂತು, ಅವು ಗುಜರಿಗೆ ಬಿದ್ದವು. ಅದೇ ಕಪ್ಪು ತಟ್ಟೆಗಳಿಗೆ ಈಗ ಹೊಸ ರಟ್ಟಿನ ಅಂಗಿ ತೊಡಿಸಿ ಎರಡೂವರೆ ಸಾವಿರ, ಮೂರು ಸಾವಿರ ರೂಪಾಯಿಗೆ ಮಾರುತ್ತಿದ್ದಾರೆ. ಅಮೆರಿಕದಲ್ಲಂತೂ 2022ರಲ್ಲಿ ಸಿಡಿಗಳಿಗಿಂತ ಪ್ಲೇಟುಗಳೇ ಹೆಚ್ಚು ಬಿಕರಿಯಾದವು. 1987ರಿಂದೀಚೆಗೆ ಹಾಗಾಗಿದ್ದು ಅದೇ ಮೊದಲು. ಅಂಗಡಿಯ ಹುಡುಗರು ಇವನ್ನು 'ರೀಇಶ್ಯೂ' ಅಂತಾರೆ. ನಮ್ಮ ಭಾಷೆಯಲ್ಲಿ ಮರುಮುದ್ರಣ.

ಈ ಮರುಮುದ್ರಣ ಅನ್ನೋ ಮಾತೇ ನಮ್ಮನ್ನು ಕೊರೆಯುತ್ತಿರೋದು. ಮರುಮುದ್ರಣ ಆಗಬೇಕಾದರೆ ಮೊದಲು ಮುದ್ರಣ ಆಗಿರಬೇಕು. ಯಾರೋ ಒಬ್ಬ ದನಿಯನ್ನು ಹಿಡಿದಿರಬೇಕು, ಇನ್ನೊಬ್ಬ ಅದರ ಮೇಲೆ ಹೆಸರು, ಊರು, ತಾರೀಖು ಬರೆದಿಟ್ಟಿರಬೇಕು, ಮತ್ತೊಬ್ಬ ಅದನ್ನು ಬಿಸಾಕದೆ ಇಟ್ಟಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಐವತ್ತು ವರ್ಷದ ಮೇಲೆ ಮತ್ತೆ ತೆಗೆದು ಕೇಳಲು ಏನೂ ಇರೋಲ್ಲ.

ನಾವು ಮಾತಾಡಲು ಹೊರಟಿರೋದು ಬ್ಲೂಸ್, ಸೋಲ್, ರಾಕ್ ಅಂತ ಕರೆಸಿಕೊಳ್ಳುವ ಹಾಡುಗಳ ಬಗ್ಗೆ. ಕೇರಿಯೋರಿಗೂ ಇಂಗ್ಲಿಷ್ ಪ್ಲೇಟಿಗೂ ಏನು ಸಂಬಂಧ ಅಂತ ಹುಬ್ಬೇರಿಸೋರು ಇದ್ದಾರೆ. ನಮ್ಮೋರಲ್ಲೇ ಇದ್ದಾರೆ. ಅವರಿಗೆ ಮೊದಲು ನಾವು ಯಾರು, ಎಲ್ಲಿ ನಿಂತು ಕೇಳಿದೆವು ಅನ್ನೋದನ್ನ ಹೇಳಬೇಕು.

ಬೆಂಗಳೂರಲ್ಲಿ ಪೇಟೆ ಬೇರೆ, ದಂಡು ಬೇರೆ. ನಡುವೆ ಕಬ್ಬನ್ ಪಾರ್ಕು. ಇಂಗ್ಲಿಷ್ ಹಾಡು ದಂಡಿನ ಕಡೆಯದು. ಪೇಟೆಯ ಕಡೆ 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರ ಪ್ಲೇಗು ಬಂದಾಗ ಬಸವನಗುಡಿ, ಮಲ್ಲೇಶ್ವರಗಳನ್ನು ಗಾಳಿ ಬೆಳಕಿನ ಬಡಾವಣೆಗಳಾಗಿ ಕಟ್ಟಿದರು. ಗಾಳಿಗೂ ಬೆಳಕಿಗೂ ಜಾತಿ ಇಲ್ಲ, ನಿವೇಶನ ಹಂಚುವಾಗ ಮಾತ್ರ ಜಾತಿ ನೋಡಿಯೇ ಹಂಚಿದರು. ಬಡಾವಣೆ ಬೆಳೆದ ಹಾಗೆ ಸಂಗೀತವೂ ಬೆಳೆಯಿತು. 1905ರಲ್ಲಿ ಬೆಂಗಳೂರು ಗಾಯನ ಸಮಾಜ. 1939ರಲ್ಲಿ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ. 1980ರಲ್ಲಿ ಮಲ್ಲೇಶ್ವರದ ಮಗ್ಗುಲಲ್ಲೇ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ. ರಾಮನವಮಿ ಕಾಲದಲ್ಲಿ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕುತ್ತಿದ್ದರು. ಬೇಲಿ ಹೊರಗೆ ನಿಂತು ನಾವೂ ಕೇಳಿದ್ದೇವೆ. ಚೆನ್ನಾಗೇ ಇರುತ್ತಿತ್ತು. ಮೃದಂಗದ ಚರ್ಮ ಯಾರ ಕೈಯಲ್ಲಿ ಹದವಾಗಿ ಬಂದಿದೆ ಅಂತ ಗೊತ್ತಿದ್ದೋರು ನಾವು. ಅದಕ್ಕೇ ಇನ್ನೂ ಗಮನ ಕೊಟ್ಟು ಕೇಳುತ್ತಿದ್ದೆವು.

ಮಲ್ಲೇಶ್ವರದಿಂದ ರೈಲು ಹಳಿ ದಾಟಿದರೆ ಶ್ರೀರಾಮಪುರ. ಗಿರಣಿ ಕೂಲಿಗಳು, ಕಾರ್ಪೊರೇಷನ್ ಕಸ ಗುಡಿಸೋರು, ಮೂಟೆ ಹೊರೋರು, ಕನ್ನಡ, ತೆಲುಗು, ತಮಿಳು ಕಲಸಿ ಆಡೋರು. ನಾವು ಅಲ್ಲಿಯ ನಾಲ್ಕು ಜನ ಗೆಳೆಯರು. ನಮ್ಮ ಕಡೆಯ ಸಂಗೀತಕ್ಕೆ ಚಪ್ಪರವೂ ಇಲ್ಲ, ಟಿಕೆಟ್ಟೂ ಇಲ್ಲ. ಸಾವಿಗೆ ತಮಟೆ, ದೇವರಿಗೆ ತಮಟೆ, ಮೆರವಣಿಗೆಗೆ ತಮಟೆ. ರಸ್ತೆ ಬದಿ ರದ್ದಿ ಕಾಗದ ಗುಡ್ಡೆ ಹಾಕಿ, ಬೆಂಕಿ ಹಚ್ಚಿ, ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, 'ಹೂಂ, ಬಂತು' ಅನ್ನೋರು. ಅದೇ ನಮ್ಮ ಶ್ರುತಿ. ಆ ಕೈಗಳನ್ನು ಯಾವ ಕಂಪನಿಯೂ ಪ್ಲೇಟಿನೊಳಕ್ಕೆ ಕರೆಯಲಿಲ್ಲ.

ಇಂಗ್ಲಿಷ್ ಹಾಡು ನಮಗೆ ಸಿಕ್ಕಿದ್ದು ಎಸ್.ಪಿ. ರಸ್ತೆಯಲ್ಲಿ. 1983-84ರ ಮಾತು. ನಮ್ಮಲ್ಲೊಬ್ಬ ಅಲ್ಲಿನ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಟೇಪ್‌ರೆಕಾರ್ಡರಿನ ಹೆಡ್ಡು ಒರೆಸೋದು, ಬೆಲ್ಟು ಬದಲಿಸೋದು, ಆಮೇಲೆ ಹಾಕಿ ನೋಡೋದು. ದಂಡಿನ ಕಡೆಯಿಂದ ಬಂದ ಮೆಷೀನುಗಳೊಳಗೆ ಎಷ್ಟೋ ಸಲ ಕ್ಯಾಸೆಟ್ಟು ಹಾಗೇ ಇರುತ್ತಿತ್ತು. ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ ನಾವು ಮೂವರೂ ಹೋಗಿ ಒಳಗೆ ಕೂರುತ್ತಿದ್ದೆವು. ಹಾಗೆ ಕೇಳಿದ ಮೊದಲ ದನಿ ಮಡ್ಡಿ ವಾಟರ್ಸ್ ಅವರದು. ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯಲಿಲ್ಲ. ಗಿಟಾರಿನ ತಂತಿ ಎಳೆದು ಎಳೆದು ಮಾತಾಡಿಸೋದು ಮಾತ್ರ ತಿಳಿಯಿತು.

ಆಮೇಲೆ ಸಂಡೇ ಬಜಾರಿನ ಗುಜರಿ, ಅವೆನ್ಯೂ ರಸ್ತೆಯ ಹಳೇ ಪುಸ್ತಕ, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನ ಕಳ್ಳ ಕ್ಯಾಸೆಟ್ಟು, ಹೀಗೆ ಹುಡುಕಿ ಹುಡುಕಿ ಕೇಳಿದೆವು. ಒಂದು ಸಲ ಬೆಸ್ಸಿ ಸ್ಮಿತ್ ಅನ್ನೋ ಕಪ್ಪು ಹೆಣ್ಣುಮಗಳ ಕ್ಯಾಸೆಟ್ಟು ಸಿಕ್ಕಿತು. ನಮ್ಮಲ್ಲಿ ಇನ್ನೊಬ್ಬನ ತಾಯಿ ಕಾರ್ಪೊರೇಷನ್ನಿನಲ್ಲಿ ಬೀದಿ ಗುಡಿಸುತ್ತಿದ್ದೋರು. ನಾವೆಲ್ಲ 'ಅವ್ವ' ಅಂತಲೇ ಕರೆಯುತ್ತಿದ್ದೆವು. ಅವ್ವ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, 'ಯಾರ್‍ಲಾ ಈಯಮ್ಮ? ಇವಳ ಮನೇಲಿ ಯಾರು ಸತ್ತವ್ರೆ?' ಅಂದರು. ಇನ್ನೊಂದು ಹಾಡು ಕಳೆಯಿತು. ಅಕ್ಕಿ ಆರಿಸೋದು ನಿಂತಿತು. 'ಇಲ್ಲ ಕಣಪ್ಪಾ, ಅಳ್ತಿಲ್ಲ ಇವಳು. ಬೈತಾವ್ಳೆ' ಅಂದರು. ಬ್ಲೂಸ್ ಬಗ್ಗೆ ನಾವು ಆಮೇಲೆ ಓದಿದ ಯಾವ ಪುಸ್ತಕವೂ ಇಷ್ಟು ಚಿಕ್ಕದಾಗಿ ಹೇಳಿಲ್ಲ.

ಈ ಬೆಸ್ಸಿ ಸ್ಮಿತ್ ಕತೆಯನ್ನ ನಮ್ಮೋರು ಕೇಳಬೇಕು. 1920ರ ತನಕ ಅಮೆರಿಕದ ಕಂಪನಿಗಳು ಕಪ್ಪು ಹೆಂಗಸರ ಬ್ಲೂಸ್ ಹಾಡನ್ನು ಪ್ಲೇಟು ಮಾಡುವ ಗೋಜಿಗೇ ಹೋಗಿರಲಿಲ್ಲ. ಆ ವರ್ಷ ಓಕೆ ಅನ್ನೋ ಕಂಪನಿ ಮೇಮಿ ಸ್ಮಿತ್ ಕೈಲಿ ಒಂದು ಬ್ಲೂಸ್ ಹಾಡಿಸಿತು. ಕಪ್ಪುಜನ ಮುಗಿಬಿದ್ದು ಕೊಂಡರು. ಇವರ ಹತ್ತಿರವೂ ಕಾಸಿದೆ ಅನ್ನೋದು ಕಂಪನಿಗಳಿಗೆ ಆಗ ಗೊತ್ತಾಯಿತು. ಪ್ಲೇಟು ಮಾಡಿದರು. ಆದರೆ ಬಿಳಿಯರ ಪ್ಲೇಟಿನ ಜೊತೆ ಸೇರಿಸಲಿಲ್ಲ. 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಟ್ಟಿ, ಬೇರೆ ನಂಬರು. ಹೋಟೆಲಿನಲ್ಲಿ ನಮಗೆ ಅಂತ ಬೇರೆ ಲೋಟ ಇಟ್ಟ ಹಾಗೆ. ಅಲ್ಲಿನ ಬಿಲ್‌ಬೋರ್ಡ್ ಪತ್ರಿಕೆ ಆ ಹೆಸರನ್ನ ಕೈಬಿಟ್ಟು 'ರಿದಮ್ ಅಂಡ್ ಬ್ಲೂಸ್' ಅಂತ ಬದಲಿಸಿದ್ದು 1949ರಲ್ಲಿ. ಲೋಟದ ಹೆಸರು ಬದಲಾಯಿತು.

ಬೆಸ್ಸಿ 1923ರಲ್ಲಿ ಕೊಲಂಬಿಯಾ ಕಂಪನಿಗೆ ಹಾಡತೊಡಗಿದರು. ಪ್ಲೇಟಿನ ಒಂದು ಮಗ್ಗುಲಿಗೆ 125 ಡಾಲರು ಕೂಲಿ. ಮಾರಾಟದಲ್ಲಿ ಪಾಲು ಇಲ್ಲ. ಪ್ಲೇಟು ಲಕ್ಷಗಟ್ಟಲೆ ಹೋದವು, ಕೂಲಿ ಕೂಲಿಯಾಗಿಯೇ ಉಳಿಯಿತು. 1937ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರ ಕಾರು ಅಪಘಾತವಾಗಿ ತೀರಿಕೊಂಡರು. ಮಣ್ಣಿಗೆ ಸಾವಿರಾರು ಜನ ಬಂದರು. ಸಮಾಧಿಯ ಮೇಲೆ ಒಂದು ಕಲ್ಲು ಮಾತ್ರ ಬರಲಿಲ್ಲ. ಮೂವತ್ಮೂರು ವರ್ಷ ಆ ಜಾಗ ಬರಿ ಹುಲ್ಲು. 1970ರಲ್ಲಿ ಕೊಲಂಬಿಯಾದವರು ಅವರ ಹಳೆಯ ಹಾಡುಗಳನ್ನೆಲ್ಲ ಒಟ್ಟು ಮಾಡಿ ಎಲ್‌ಪಿ ಮೇಲೆ ಎಲ್‌ಪಿ ಹೊರಗೆ ತರತೊಡಗಿದರು. ಅದೇ ವರ್ಷ ಇಬ್ಬರು ಹೆಂಗಸರು ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಒಬ್ಬರು ರಾಕ್ ಹಾಡುಗಾರ್ತಿ ಜಾನಿಸ್ ಜೋಪ್ಲಿನ್. ಇನ್ನೊಬ್ಬರು ಜುವಾನಿಟಾ ಗ್ರೀನ್. ಚಿಕ್ಕಂದಿನಲ್ಲಿ ಬೆಸ್ಸಿಯ ಮನೆಯಲ್ಲಿ ನೆಲ ತೊಳೆಯುತ್ತಿದ್ದೋರು. ಕಂಪನಿ ಪ್ಲೇಟು ತಂದಿತು, ಮನೆಗೆಲಸದ ಹುಡುಗಿ ಹೆಸರು ಕೆತ್ತಿಸಿದಳು.

ರಾಬರ್ಟ್ ಜಾನ್ಸನ್ ಕತೆ ಇನ್ನೊಂದು. 1936ರ ನವೆಂಬರಿನಲ್ಲಿ ಮೂರು ದಿನ, 1937ರ ಜೂನಿನಲ್ಲಿ ಎರಡು ದಿನ, ಒಟ್ಟು ಐದೇ ದಿನ ಮೈಕಿನ ಮುಂದೆ ಕೂತವರು. 29 ಹಾಡು. 1938ರಲ್ಲಿ 27ನೇ ವಯಸ್ಸಿಗೆ ಸತ್ತರು. ಎಲ್ಲಿ ಹೂತರು ಅನ್ನೋದೇ ಖಚಿತವಿಲ್ಲದೆ ಮೂರು ಕಡೆ ಕಲ್ಲು ನೆಟ್ಟಿದ್ದಾರೆ. 1961ರಲ್ಲಿ ಆ ಹಾಡುಗಳಲ್ಲಿ 16ನ್ನು ಆರಿಸಿ ಎಲ್‌ಪಿ ಮಾಡಿದಾಗ ಅಂಗಿಯ ಮೇಲೆ ಹಾಕಲು ಒಂದು ಫೋಟೋ ಕೂಡ ಸಿಗದೆ ಚಿತ್ರ ಬರೆಸಿದರು: ಕುರ್ಚಿಯ ಮೇಲೆ ಗಿಟಾರು ಹಿಡಿದು ಕೂತ ಒಬ್ಬ ಮನುಷ್ಯ, ಮೇಲಿನಿಂದ ನೋಡಿದ ಹಾಗೆ, ಮುಖ ಇಲ್ಲ. ಆ ಮುಖವಿಲ್ಲದ ಪ್ಲೇಟು ಕೇಳಿ ಇಂಗ್ಲೆಂಡಿನ ಹುಡುಗರು ಗಿಟಾರು ಕಲಿತರು. 1990ರಲ್ಲಿ ಎಲ್ಲ ಹಾಡುಗಳ ಪೆಟ್ಟಿಗೆ ಬಂತು, ಹತ್ತು ಲಕ್ಷ ದಾಟಿ ಮಾರಿತು. ಆಗ ಈ ದುಡ್ಡು ಯಾರದು ಅನ್ನೋ ಪ್ರಶ್ನೆ ಎದ್ದಿತು. ಕ್ಲಾಡ್ ಜಾನ್ಸನ್ ಅನ್ನೋ ಜಲ್ಲಿ ಲಾರಿಯ ಡ್ರೈವರು ಕೋರ್ಟಿಗೆ ಹೋಗಿ, ನಾನು ರಾಬರ್ಟನ ಮಗ ಅಂದರು. 2000ದಲ್ಲಿ ಮಿಸಿಸಿಪ್ಪಿಯ ಸುಪ್ರೀಂ ಕೋರ್ಟು ಹೌದು ಅಂತ ಎತ್ತಿಹಿಡಿಯಿತು. ಅಪ್ಪ ಸತ್ತು ಅರವತ್ತು ವರ್ಷದ ಮೇಲೆ ಅಪ್ಪನ ಕೂಲಿ ಮಗನಿಗೆ ಬಂತು. ಯಾಕೆ ಬಂತು? ಆ ಐದು ದಿನಗಳ ತಾರೀಖು, ಹೆಸರು, ಪ್ಲೇಟಿನ ನಂಬರು ಒಂದು ಲೆಡ್ಜರಿನಲ್ಲಿ ಇತ್ತು, ಅದಕ್ಕೇ ಬಂತು.

ಅಂಥ ಲೆಡ್ಜರು ನಮ್ಮ ಹತ್ತಿರ ಎಲ್ಲಿದೆ? ಆ ಮಾತಿಗೆ ಬರುತ್ತೇವೆ. ಅದಕ್ಕೆ ಮುಂಚೆ ರಾಕ್ ಬಗ್ಗೆ ಎರಡು ಮಾತು, ಸೋಲ್ ಬಗ್ಗೆ ನಾಲ್ಕು ಮಾತು.

ಬಿಗ್ ಮಾಮಾ ಥಾರ್ನ್‌ಟನ್ ಅನ್ನೋ ಕಪ್ಪು ಹೆಣ್ಣುಮಗಳು 1952ರಲ್ಲಿ ಹಾಡಿದ 'ಹೌಂಡ್ ಡಾಗ್' ಹಾಡನ್ನ 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿ ಲೋಕಪ್ರಸಿದ್ಧರಾದರು. ರೋಲಿಂಗ್ ಸ್ಟೋನ್ಸ್ ಅನ್ನೋ ಇಂಗ್ಲೆಂಡಿನ ತಂಡ ತನ್ನ ಹೆಸರನ್ನೇ ಮಡ್ಡಿ ವಾಟರ್ಸ್ ಅವರ 1950ರ ಪ್ಲೇಟಿನಿಂದ ತೆಗೆದುಕೊಂಡಿತು. ಆ ತಂಡ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಭಾರತದಲ್ಲಿ ಅವರ ಮೊದಲ ಕಚೇರಿ. ಮಳೆ ಹೊಯ್ಯುತ್ತಿತ್ತು. ಟಿಕೆಟ್ಟಿನ ದುಡ್ಡು ನಮ್ಮ ಕೈಗೆ ಎಟುಕಲಿಲ್ಲ. ಗೋಡೆಯ ಹೊರಗೆ ನೆನೆದುಕೊಂಡು ನಿಂತೆವು. ರಾಮನವಮಿ ಬೇಲಿಯಿಂದ ಅರಮನೆ ಗೋಡೆಗೆ ಬಡ್ತಿ ಸಿಕ್ಕಿತು ಅಂತ ನಕ್ಕೆವು. ಆ ತಂಡದವರು ಮಡ್ಡಿ ವಾಟರ್ಸ್ ಹೆಸರನ್ನ ಹೋದಲ್ಲೆಲ್ಲ ಹೇಳಿದೋರು. ಅಷ್ಟು ಋಣ ತೀರಿಸಿದ್ದಾರೆ. ಎಲ್ಲರೂ ಹಾಗಲ್ಲ. ಲೆಡ್ ಜೆಪ್ಲಿನ್ 1969ರಲ್ಲಿ ತಂದ 'ಹೋಲ್ ಲಾಟಾ ಲವ್' ಹಾಡಿನಲ್ಲಿ ತಮ್ಮ ಸಾಲುಗಳಿವೆ ಅಂತ ಷಿಕಾಗೋದ ವಿಲ್ಲಿ ಡಿಕ್ಸನ್ ದಾವೆ ಹೂಡಬೇಕಾಯಿತು. 1987ರಲ್ಲಿ ರಾಜಿಯಾಯಿತು. ಈಗ ಆ ಪ್ಲೇಟಿನ ಮರುಮುದ್ರಣ ಕೊಂಡರೆ ಡಿಕ್ಸನ್ ಹೆಸರೂ ಇರುತ್ತದೆ. ರಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಒಂದು ಹೆಸರು ಸೇರಿಸಲು ಹದಿನೆಂಟು ವರ್ಷ ಬೇಕಾಯಿತು.

ಸೋಲ್ ಅಂದರೆ ನಮಗೆ ಮೆಂಫಿಸ್. ಕಾರಣ ಹಾಡಷ್ಟೇ ಅಲ್ಲ. ಆ ಊರಿನಲ್ಲಿ ಒಂದು ಹಳೆಯ ಸಿನಿಮಾ ಟೆಂಟಿನಂಥ ಥಿಯೇಟರನ್ನೇ ಸ್ಟುಡಿಯೋ ಮಾಡಿಕೊಂಡು ಸ್ಟ್ಯಾಕ್ಸ್ ಅನ್ನೋ ಕಂಪನಿ ನಡೆಯುತ್ತಿತ್ತು. ಮಾಲೀಕರು ಬಿಳಿಯ ಅಕ್ಕ ತಮ್ಮ. ಒಳಗೆ ಕಪ್ಪು ಬಿಳಿ ಹುಡುಗರು ಒಟ್ಟಿಗೆ ಕೂತು ನುಡಿಸುತ್ತಿದ್ದರು. ಹೊರಗೆ ಒಟ್ಟಿಗೆ ಊಟ ಮಾಡೋದೇ ಕಷ್ಟವಾಗಿದ್ದ ಊರದು. 1967ರ ಡಿಸೆಂಬರಿನಲ್ಲಿ ಅವರ ದೊಡ್ಡ ಹಾಡುಗಾರ ಓಟಿಸ್ ರೆಡಿಂಗ್ ವಿಮಾನ ಬಿದ್ದು ಸತ್ತರು. ಬೆನ್ನಿಗೇ ಇನ್ನೊಂದು ಪೆಟ್ಟು. ಸ್ಟ್ಯಾಕ್ಸಿನ ಪ್ಲೇಟು ಹಂಚುತ್ತಿದ್ದ ಅಟ್ಲಾಂಟಿಕ್ ಕಂಪನಿ ಕೈ ಬದಲಾಯಿಸಿದಾಗ ಕರಾರು ತೆಗೆದು ನೋಡಿದರೆ, ಅಲ್ಲಿತನಕ ಹಾಡಿಸಿದ್ದ ಮೂಲ ಟೇಪುಗಳೆಲ್ಲ ಅಟ್ಲಾಂಟಿಕ್‌ದೇ ಅಂತ ಬರೆದಿತ್ತು. ಓದದೆ ಹೆಬ್ಬೆಟ್ಟು ಒತ್ತೋದು ನಮ್ಮೂರ ಸಾಹುಕಾರರ ಅಂಗಡಿಯಲ್ಲಿ ಮಾತ್ರ ಅಲ್ಲ.

ಅದೇ 1968ರ ಫೆಬ್ರವರಿ 1ರಂದು ಮೆಂಫಿಸ್ಸಿನಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನೋ ಇಬ್ಬರು ಕಪ್ಪು ಕಾರ್ಮಿಕರು ನುಜ್ಜಾಗಿ ಸತ್ತರು. ಸುಮಾರು 1300 ಜನ ಕಸ ಹೊರೋರು ಕೆಲಸ ನಿಲ್ಲಿಸಿದರು. 'ನಾನೂ ಮನುಷ್ಯ' ಅಂತ ಬರೆದ ಹಲಗೆ ಹಿಡಿದು ಬೀದಿಗಿಳಿದರು. ಅವರ ಬೆಂಬಲಕ್ಕೆ ಅಂತಲೇ ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್ಸಿಗೆ ಬಂದದ್ದು, ಏಪ್ರಿಲ್ 4ರಂದು ಲೊರೇನ್ ಮೋಟೆಲಿನ ಬಾಲ್ಕನಿಯಲ್ಲಿ ಗುಂಡಿಗೆ ಬಿದ್ದದ್ದು. ಆ ಲೊರೇನ್ ಮೋಟೆಲಿನಲ್ಲೇ ಸ್ಟ್ಯಾಕ್ಸಿನ ಹುಡುಗರು ಕೂತು ಹಾಡು ಕಟ್ಟುತ್ತಿದ್ದದ್ದು. ಈ ಕತೆಯನ್ನ ಅವ್ವನಿಗೆ ಹೇಳಿದಾಗ ಅವರು ಕಿಂಗ್ ಬಗ್ಗೆ ಕೇಳಲಿಲ್ಲ. 'ಆ ಇಬ್ಬರ ಹೆಂಡಿರು ಮಕ್ಕಳಿಗೆ ಏನಾದ್ರೂ ಕೊಟ್ರಾ?' ಅಂತ ಕೇಳಿದರು.

ಸ್ಟ್ಯಾಕ್ಸ್ 1975ರಲ್ಲಿ ದಿವಾಳಿಯಾಯಿತು. 1989ರಲ್ಲಿ ಕಟ್ಟಡವನ್ನೂ ಕೆಡವಿದರು. ಆಮೇಲೆ ಆ ಊರಿನೋರು ಸುಮ್ಮನಿರಲಿಲ್ಲ. ಅಲ್ಲೇ ಕೆಲಸ ಮಾಡಿ ಹಾಡೂ ಬರೆದಿದ್ದ ಡೀನಿ ಪಾರ್ಕರ್ ಅನ್ನೋ ಹೆಣ್ಣುಮಗಳು ಮುಂದೆ ನಿಂತರು. 2003ರಲ್ಲಿ ಅದೇ ಜಾಗದಲ್ಲಿ ಮ್ಯೂಸಿಯಂ ಎದ್ದಿತು. ನಮ್ಮ ಮಲ್ಲೇಶ್ವರದ ಬಾಗಿಲಲ್ಲಿದ್ದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಾಲು ಎದ್ದಿತು. ಎರಡು ಊರು, ಎರಡು ಬುದ್ಧಿ.

2023ರಲ್ಲಿ ಸ್ಟ್ಯಾಕ್ಸಿನಿಂದ ಏಳು ಸಿಡಿಗಳ ಒಂದು ಪೆಟ್ಟಿಗೆ ಬಂತು. ಅದರಲ್ಲಿ ಇರೋರು ದೊಡ್ಡ ಹಾಡುಗಾರರಲ್ಲ, ಹಾಡು ಬರೆದುಕೊಟ್ಟೋರು. ದೊಡ್ಡೋರಿಗೆ ತೋರಿಸಲು ಅಂತ ಒಂದು ಗಿಟಾರೋ ಪಿಯಾನೋನೋ ಇಟ್ಟುಕೊಂಡು ತಾವೇ ಹಾಡಿ ಟೇಪಿಗೆ ಹಾಕಿಟ್ಟಿದ್ದ ಕಚ್ಚಾ ಹಾಡುಗಳು. ಹೋಮರ್ ಬ್ಯಾಂಕ್ಸ್, ಬೆಟಿ ಕ್ರಚರ್, ಮ್ಯಾಕ್ ರೈಸ್, ಡೀನಿ ಪಾರ್ಕರ್. ಎಷ್ಟೋ ಟೇಪುಗಳು ಬೇರೆ ಟೇಪುಗಳ ನಡುವೆ ಸೇರಿಹೋಗಿದ್ದವು. ಚೆರಿಲ್ ಪಾವೆಲ್‌ಸ್ಕಿ ಅನ್ನೋರು ಸುಮಾರು 17 ವರ್ಷ ಹುಡುಕಿ, ಕೇಳಿ, ಯಾರ ದನಿ ಯಾವುದು ಅಂತ ಬೇರ್ಪಡಿಸಿದರು. 2024ರಲ್ಲಿ ಆ ಪೆಟ್ಟಿಗೆಗೆ ಎರಡು ಗ್ರ್ಯಾಮಿ ಬಂದವು. ಪ್ರಶಸ್ತಿ ಅತ್ಲಾಗಿರಲಿ. ಹಾಡು ಪ್ರಸಿದ್ಧ, ಹಾಡಿದವರು ಪ್ರಸಿದ್ಧ, ಕಟ್ಟಿದವರು ಹಿಂದಿನ ಸಾಲಿನಲ್ಲಿ. ಆ ಹಿಂದಿನ ಸಾಲನ್ನ ಮುಂದಕ್ಕೆ ತಂದು ಕೂರಿಸಿದ ಪೆಟ್ಟಿಗೆ ಅದು. ಇಷ್ಟು ವರ್ಷ ಕೇಳಿದ ಮರುಮುದ್ರಣಗಳಲ್ಲಿ ನಮ್ಮನ್ನು ಎಬ್ಬಿಸಿ ಕೂರಿಸಿದ್ದು ಅದೇ.

ಈಗ ನಮ್ಮ ಲೆಡ್ಜರಿನ ಮಾತು.

ನಮ್ಮ ಚಳವಳಿ ಹಾಡಿನ ಮೇಲೆ ನಡೆಯಿತು. ಮಾಗಡಿ ಕಡೆಯ ಮಂಚನಬೆಲೆಯಲ್ಲಿ ಹುಟ್ಟಿ, ನಮ್ಮ ಶ್ರೀರಾಮಪುರದ ಗಲ್ಲಿಗಳಲ್ಲಿ ಬೆಳೆದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಪುಸ್ತಕ ಓದಲು ಬಾರದೋರ ಬಾಯಿಗೂ ಆ ಪದಗಳು ಹೋದವು. 1979ರಲ್ಲಿ ಬೆಂಗಳೂರಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಆಯಿತು. ಜಾಥಾ, ಧರಣಿ, ಬೀದಿನಾಟಕ ಎಲ್ಲ ಕಡೆ ಮೊದಲು ತಮಟೆ, ಆಮೇಲೆ ಹಾಡು, ಕೊನೆಗೆ ಭಾಷಣ. ಭಾಷಣ ಮರೆತುಹೋಗಿದೆ, ಹಾಡು ಮರೆತಿಲ್ಲ. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ, ಮೈಸೂರಿನ ಜನ್ನಿ ಅಂಥವರ ದನಿಗಳು ನಾಡಿಗೆಲ್ಲ ಗೊತ್ತಾದವು. ಆ ಹೊತ್ತಿಗೇ ಕನ್ನಡಕ್ಕೆ ಕ್ಯಾಸೆಟ್ಟಿನ ಕಾಲವೂ ಬಂತು. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದು ಮನೆಮನೆಯಲ್ಲಿ ಭಾವಗೀತೆ ಕೇಳಿಸಿತು. ಅದನ್ನ ಇವತ್ತಿಗೂ ಮತ್ತೆ ಮತ್ತೆ ಹೊರಗೆ ತರುತ್ತಾರೆ. ತರಲಿ, ಒಳ್ಳೆಯ ಹಾಡುಗಳು.

ಹೋರಾಟದ ಹಾಡಿಗೆ ಬಂದರೆ ಪದ ಬರೆದವರ ಹೆಸರು ಪುಸ್ತಕದಲ್ಲಿದೆ. ಆದರೆ ಆ ಪದಕ್ಕೆ ಮಟ್ಟು ಹಾಕಿದೋರು ಯಾರು? ಕೋಲಾಟದ ಮಟ್ಟನ್ನ ತಂದು ಇದಕ್ಕೆ ಕೂರಿಸಿದೋರು, ತತ್ವಪದದ ಎಳೆತವನ್ನ ಮುರಿದು ನಡಿಗೆಗೆ ಹೊಂದಿಸಿದೋರು, ನಡುವೆ 'ಹೋಯ್' ಅನ್ನೋ ಒಂದು ಕೂಗು ಸೇರಿಸಿ ಜನ ಎದ್ದು ನಿಲ್ಲೋ ಹಾಗೆ ಮಾಡಿದೋರು ಯಾರು? ಆಗಿನ ಕರಪತ್ರಗಳು ನಮ್ಮ ಹತ್ತಿರ ಒಂದು ಟ್ರಂಕಿನಲ್ಲಿವೆ. ಉದ್ಘಾಟಕರ ಹೆಸರು ದಪ್ಪಕ್ಷರದಲ್ಲಿ, ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿ, ಮುಖ್ಯ ಅತಿಥಿಗಳ ಹೆಸರು ಡಿಗ್ರಿ ಸಮೇತ. ಕೆಳಗೆ ಒಂದು ಸಾಲು: ಹೋರಾಟದ ಹಾಡುಗಳು, ಇಂಥವರು ಮತ್ತು ಸಂಗಡಿಗರು. ಮಾರನೇ ದಿನದ ಪೇಪರಿನಲ್ಲಿ ಆ ಒಂದು ಹೆಸರೂ ಹೋಗಿ, 'ಕ್ರಾಂತಿಗೀತೆಗಳನ್ನು ಹಾಡಲಾಯಿತು' ಅಂತ. ಹಾಡು ತನ್ನಷ್ಟಕ್ಕೆ ತಾನೇ ಹಾಡಿಕೊಂಡಿತು ಅನ್ನೋ ಹಾಗೆ.

ಸಂಗಡಿಗರು ಅಂದರೆ ಅವ್ವನಂಥೋರು. ಬೆಳಗ್ಗೆ ಐದಕ್ಕೆ ಪೊರಕೆ ಹಿಡಿದು ಮಲ್ಲೇಶ್ವರದ ಅಡ್ಡರಸ್ತೆ ಗುಡಿಸಿ, ಸಂಜೆ ಸಭೆಗೆ ಬಂದು ಹಿಂದಿನಿಂದ ದನಿಗೂಡಿಸೋರು. ಆ ಹಿಂದಿನ ದನಿ ಇಲ್ಲದಿದ್ದರೆ ಮುಂದಿನ ದನಿ ಒಂಟಿ.

1986ರಲ್ಲಿ ಶ್ರೀರಾಮಪುರದ ಒಂದು ಬೀದಿ ಸಭೆಯಲ್ಲಿ, ಎಸ್.ಪಿ. ರಸ್ತೆಯ ಗೆಳೆಯ ರಿಪೇರಿಗೆ ಬಂದಿದ್ದ ಒಂದು ಟೂ-ಇನ್-ಒನ್ ತಂದು ಸ್ಟೇಜಿನ ಕೆಳಗಿಟ್ಟು ಟೇಪು ಓಡಿಸಿದ್ದ. ಅರವತ್ತು ನಿಮಿಷದ ಕ್ಯಾಸೆಟ್ಟು. ತಮಟೆ ಇದೆ, ಹಾಡು ಇದೆ, ನಡುವೆ ಒಂದು ಮಗುವಿನ ಅಳು, ಹಳಿಯ ಮೇಲೆ ಹೋದ ರೈಲು. ಹಿಂದೆ ಹನ್ನೊಂದು ದನಿ. ಸ್ಟ್ಯಾಕ್ಸಿನ ಪೆಟ್ಟಿಗೆ ಕೇಳಿದ ಮೇಲೆ ನಾವು ನಾಲ್ವರೂ ಕೂತು ಮಾತಾಡಿಕೊಂಡೆವು. ಟೇಪು ಅಂಟಿಕೊಂಡಿತ್ತು. ಪೆನ್ಸಿಲ್ಲು ತೂರಿಸಿ ಮೆಲ್ಲಗೆ ಸುತ್ತಿ, ಹಳೇ ಡೆಕ್ಕಿಗೆ ಹಾಕಿ, ಗೆಳೆಯನ ಮಗಳ ಕಂಪ್ಯೂಟರಿಗೆ ಇಳಿಸಿಕೊಂಡೆವು. ಆಮೇಲೆ ಮನೆಮನೆಗೆ ಹೊರಟೆವು. 'ಇದು ಯಾರ ದನಿ ನೋಡ್ರಪ್ಪಾ' ಅಂತ.

ಕೆಲವರು ತೀರಿಕೊಂಡಿದ್ದಾರೆ. ಅವ್ವನೂ ಇಲ್ಲ. ಕೆಲವರು ಮನೆ ಒಡೆದು ಊರಾಚೆಗೆ ಹೋಗಿದ್ದಾರೆ. ಚಾಮರಾಜಪೇಟೆಯ ಹಿಂಬದಿಯ ಒಂದು ವಠಾರದಲ್ಲಿ ಒಬ್ಬ ಅಜ್ಜ ಕಣ್ಣು ಮುಚ್ಚಿ ಕೇಳಿ, ಮೂರು ದನಿಗೆ ಮೂರು ಹೆಸರು ಹೇಳಿದರು. ಅವರಲ್ಲಿ ಒಬ್ಬರು ಯಾವ ಮಿಲ್ಲಿನ ಯಾವ ಪಾಳಿಯಲ್ಲಿದ್ದರು ಅನ್ನೋದನ್ನೂ ಹೇಳಿದರು. ಇನ್ನೊಂದು ಮನೆಯಲ್ಲಿ ಕಾಲೇಜಿಗೆ ಹೋಗೋ ಹುಡುಗಿ ತನ್ನ ಅಜ್ಜಿಯ ದನಿಯನ್ನ ಮೊದಲ ಸಲ ಕೇಳಿದಳು. ಅವಳು ಹುಟ್ಟೋದಕ್ಕೆ ಮುಂಚೆಯೇ ಅಜ್ಜಿ ಹೋಗಿದ್ದರು. ಅವಳು ಅಳಲಿಲ್ಲ. 'ಅಜ್ಜಿ ಇಷ್ಟು ಜೋರಾಗಿ ಹಾಡ್ತಿದ್ರಾ? ಮನೇಲಿ ಯಾರೂ ಹೇಳೇ ಇಲ್ಲ' ಅಂತ ಅಪ್ಪನ ಕಡೆ ತಿರುಗಿ ಕೇಳಿದಳು. ಅಪ್ಪ ತಲೆ ತಗ್ಗಿಸಿದರು. ಹೆಂಗಸು ಬೀದಿಯಲ್ಲಿ ಹಾಡೋದು ಆಗ ನಮ್ಮ ಮನೆಗಳಲ್ಲೂ ಹೆಮ್ಮೆಯ ಮಾತಾಗಿರಲಿಲ್ಲ. ಇದನ್ನೂ ಬರೆಯಬೇಕು.

ಹನ್ನೊಂದರಲ್ಲಿ ಒಂಬತ್ತು ದನಿಗೆ ಹೆಸರು ಸಿಕ್ಕಿದೆ. ಕ್ಯಾಸೆಟ್ಟಿನ ಕಾರ್ಡಿನ ಮೇಲೆ ಹೆಸರು, ಬೀದಿ, ಮಾಡುತ್ತಿದ್ದ ಕೆಲಸ ಬರೆದಿದ್ದೇವೆ. ಇಲ್ಲಿ ಅಚ್ಚು ಮಾಡಿಲ್ಲ. ಒಂಬತ್ತನ್ನ ಅಚ್ಚು ಹಾಕಿಸಿಬಿಟ್ಟರೆ ಉಳಿದ ಎರಡು ಮತ್ತೆ 'ಮತ್ತು ಸಂಗಡಿಗರು' ಆಗಿಬಿಡುತ್ತವೆ. ಆ ಎರಡೂ ಸಿಕ್ಕಿದ ದಿನ ಹನ್ನೊಂದನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿಸುತ್ತೇವೆ.

ಹೊಸ ಪ್ಲೇಟುಗಳ ಬಗ್ಗೆ ನಮಗೆ ಬೇಸರವಿಲ್ಲ. ಬೆಸ್ಸಿ ಸತ್ತ ಕ್ಲಾರ್ಕ್ಸ್‌ಡೇಲಿನಲ್ಲೇ 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ ಇಂಗ್ರಾಮ್ ಅನ್ನೋ ಹುಡುಗ, 'ಕಿಂಗ್‌ಫಿಶ್' ಅಂತ ಕರೀತಾರೆ, 2021ರಲ್ಲಿ '662' ಅಂತ ಒಂದು ಆಲ್ಬಂ ತಂದ. 662 ಅಂದರೆ ಆ ಸೀಮೆಯ ಟೆಲಿಫೋನ್ ಕೋಡು. ಊರಿನ ಗುರುತನ್ನೇ ಪ್ಲೇಟಿನ ಹಣೆಗೆ ಬರೆದುಕೊಂಡಿದ್ದಾನೆ. ನಮ್ಮ ಪಕ್ಕದ ಚೆನ್ನೈಯಲ್ಲಿ ಪಾ. ರಂಜಿತ್ ಬೆನ್ನಿಗೆ ನಿಂತು ಕಟ್ಟಿಸಿದ 'ದಿ ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡ 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಹತ್ತಿತು. ಸಾವಿನ ಮನೆಯ ಗಾನಾ ಹಾಡು, ಪರೆ, ಅದರ ಪಕ್ಕದಲ್ಲೇ ಗಿಟಾರು, ರಾಪು. ನಮ್ಮಲ್ಲೂ 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಕಾಲ ಸುಮ್ಮನೆ ನಿಂತಿಲ್ಲ.

ಆದರೂ ಒಂದು ಮಾತು. 2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ನಾವೂ ಹೋಗಿದ್ದೆವು. ಹಾಡಿದರು, ಕುಣಿದರು. ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ಹಿಡಿದುಕೊಂಡರು. 1986ರಲ್ಲಿ ಒಂದು ಟೂ-ಇನ್-ಒನ್‌ಗೆ ಪರದಾಡಿದ ನಮಗೆ ಅದನ್ನು ನೋಡೋದೇ ಹಬ್ಬ. ಈಗ ದನಿ ಹಿಡಿಯೋದು ಸುಲಭ, ಇಟ್ಟುಕೊಳ್ಳೋದೂ ಸುಲಭ. ನಡುವಿನ ಕೆಲಸವೊಂದು ಹಾಗೇ ಉಳಿದಿದೆ, ಹೆಸರು ಬರೆಯೋದು.

ಅದನ್ನ ಹೇಗೆ ಮಾಡಬೇಕು ಅಂತ ಈ ದೇಶದ ಮೊದಮೊದಲ ಪ್ಲೇಟಿನಲ್ಲೇ ಒಬ್ಬ ಹೆಣ್ಣುಮಗಳು ತೋರಿಸಿಕೊಟ್ಟಿದ್ದಾರೆ. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಕ್ಕೆ ಬಂದಾಗ ಮಾನವಂತ ವಿದ್ವಾಂಸರು ಆ ಯಂತ್ರದ ಮುಂದೆ ಹಾಡಲು ಹಿಂಜರಿದರು. ಹಾಡಿದೋರು ಗೌಹರ್ ಜಾನ್. ಸಭ್ಯರ ಮನೆಯ ಒಳಗೆ ಸೇರಿಸದೆ, ಹಾಡು ಮಾತ್ರ ಬೇಕು ಅನ್ನುತ್ತಿದ್ದ ತವಾಯಫರ ಕುಲದೋರು. ಕೊನೆಗಾಲಕ್ಕೆ ನಮ್ಮ ಮೈಸೂರಿಗೆ ಬಂದು 1930ರಲ್ಲಿ ಇಲ್ಲೇ ಮಣ್ಣಾದರು. ಆಗ ಪ್ಲೇಟು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿಯೋರಿಗೆ ಇದು ಯಾರ ಹಾಡು ಅಂತ ತಿಳಿಯಲಿ ಅಂತ ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನ ತಾವೇ ಕೂಗಿ ಹೇಳುತ್ತಿದ್ದರು. ನೂರು ವರ್ಷದ ಮೇಲೂ ಆ ಪ್ಲೇಟುಗಳಲ್ಲಿ ಆ ಕೂಗು ಇದೆ. ಅಂಗಡಿಯೋರು ರಟ್ಟು ಬದಲಾಯಿಸಲಿ, ಕಂಪನಿ ಕೈ ಬದಲಾಯಿಸಲಿ, ಆ ಹೆಸರನ್ನ ಅಳಿಸೋಕೆ ಯಾರಿಗೂ ಆಗಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಸಭೆಯಲ್ಲಿ ನೀವು ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತೀರಿ. ಮುಂದೆ ಒಬ್ಬ ಹುಡುಗ ಫೋನು ಹಿಡಿದಿರುತ್ತಾನೆ. ಹಾಡು ಮುಗಿಯಿತು ಅಂತ ತಕ್ಷಣ ಕೂರಬೇಡಿ. ಒಬ್ಬೊಬ್ಬರೇ ಹೆಸರು ಹೇಳಿ, ಬೀದಿ ಹೇಳಿ, ಮಾಡೋ ಕೆಲಸ ಹೇಳಿ. ಆಮೇಲೆ ಕೂರಿ.